ಸುಮ್ಮನೆ ಇದ್ದಾಗ ನೂರ ಅರವತ್ತೆಂಟು

ಸಿದ್ದಗಂಗಮ್ಮನಿಗೆ ಪ್ರಶ್ನೆ ಕೇಳುವ ಚಾಳಿ ಚಿಕ್ಕಂದಿನದು. ಹುಟ್ಟಿದ್ದು ಮಾದಿಹಳ್ಳಿಯಲ್ಲಿ, ಏಳನೇ ಕ್ಲಾಸಿನವರೆಗೆ ಓದಿದ್ದು ಹಳೇಬೀಡಿನಲ್ಲಿ. ದೇವಸ್ಥಾನದ ತಳಸಾಲಿನಲ್ಲಿರುವ ಆನೆಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಎಂದು ಗೈಡ್ ಒಬ್ಬ ಪ್ರವಾಸಿಗಳಿಗೆ ಹೇಳುವುದನ್ನು ಕೇಳಿಸಿಕೊಂಡಳು. ಮೂರು ಶನಿವಾರ ಶಾಲೆ ಬಿಟ್ಟ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ನೋಡಿ, ಕೊನೆಗೆ ಅವನ ಅಂಗಿ ಜಗ್ಗಿ, "ಬನ್ನಿ ಇಲ್ಲಿ, ಇವೆರಡೂ ಒಂದೇ ಥರ ಅವೆ" ಎಂದು ತೋರಿಸಿದಳು. ಅವನು ಪ್ರವಾಸಿಗಳ ಮುಂದೆಯೇ ಅವಳನ್ನು ಅಟ್ಟಿಸಿಕೊಂಡು ಬಂದ.

ಹದಿನೆಂಟಕ್ಕೆ ಕಣಕಟ್ಟೆಯ ಷಡಕ್ಷರಪ್ಪನ ಜೊತೆ ಮದುವೆಯಾಯಿತು. ಅವನದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ, ಊರಿನಲ್ಲಿ ಮೂರೆಕರೆ ತೆಂಗಿನ ತೋಟ. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋದರು. ಮನೆಯಲ್ಲಿ ಈಗ ಗಂಡ, ಎಪ್ಪತ್ತೆಂಟು ದಾಟಿದ ಅತ್ತೆ, ಎರಡು ಹಸು. ಮಧ್ಯಾಹ್ನದ ಮುದ್ದೆಗೆ ಮಾತ್ರ ತೋಟದ ಕೆಲಸದ ಹುಚ್ಚಣ್ಣನೂ ಸೇರಿ ನಾಲ್ಕು ಜನ. ಮೂವತ್ತೆರಡು ವರ್ಷದಲ್ಲಿ ಅವಳ ಪ್ರಶ್ನೆಗಳಿಗೆ ಉತ್ತರ ಸಿಗುವುದು ಕಡಿಮೆಯಾಗಿತ್ತೇ ಹೊರತು ಪ್ರಶ್ನೆಗಳು ಕಡಿಮೆಯಾಗಿರಲಿಲ್ಲ.

ಐವತ್ತನೇ ವಯಸ್ಸಿಗೆ ಬಿ.ಪಿ. ಇದೆ ಎಂದು ಗೊತ್ತಾಯಿತು. ಅವಳು ಹೆದರಿದಳು. ಹೆದರಲು ಕಾರಣವಿತ್ತು. ಅವಳ ತಾಯಿಗೆ ಐವತ್ತೈದಕ್ಕೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಆಕೆ ಆರು ವರ್ಷ ಮಲಗಿದಲ್ಲೇ ಇದ್ದಳು. ಆ ಆರು ವರ್ಷವೂ ಎಡಗೈ ಒಂದು ಗಳಿಗೆ ಬಿಡುವಾಗಿರಲಿಲ್ಲ. ಹೊದಿಕೆಯ ಅಂಚನ್ನು ಮಡಚುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಮಡಚುತ್ತಿತ್ತು. ತಾನು ಹಾಗೆ ಮಲಗಬಾರದು ಎನ್ನುವುದೊಂದೇ ಸಿದ್ದಗಂಗಮ್ಮನ ಹಟ.

ಎರಡು ಸಾವಿರದ ಎರಡನೇ ಇಸವಿಯ ಕೊನೆಯಲ್ಲಿ ಅರಸೀಕೆರೆಯ ಡಾಕ್ಟರ್ ನಂಜುಂಡಯ್ಯನವರ ನರ್ಸಿಂಗ್ ಹೋಮಿಗೆ ಒಂದು ಕಂಪನಿಯ ಹೊಸ ಮಾತ್ರೆ ಪರೀಕ್ಷೆಗೆ ಬಂತು. ಬೆಳಿಗ್ಗೆ ಒಂದು ನುಂಗಿದರೆ ಮಾರನೇ ಬೆಳಿಗ್ಗೆಯವರೆಗೆ ರಕ್ತದೊತ್ತಡವನ್ನು ಹಿಡಿದಿಡುತ್ತದೆ ಎನ್ನುವುದು ಕಂಪನಿಯ ಮಾತು. ಅದು ನಿಜವೇ ಎಂದು ನೋಡುವುದು ನಲವತ್ತು ಜನರ ಮೇಲೆ. ಆರು ವಾರ ಮಾತ್ರೆ ಕೊಟ್ಟು, ಆಮೇಲೆ ಒಂದು ಇಡೀ ದಿನ, ಹಗಲು ರಾತ್ರಿ, ತೋಳಿಗೆ ಪಟ್ಟಿ ಕಟ್ಟಿ ಸೊಂಟಕ್ಕೆ ಡಬ್ಬಿ ಸಿಗಿಸಿ ಬಿ.ಪಿ. ಅಳೆಯುವುದು. ಹಗಲು ಇಪ್ಪತ್ತು ನಿಮಿಷಕ್ಕೊಮ್ಮೆ, ರಾತ್ರಿ ನಲವತ್ತು ನಿಮಿಷಕ್ಕೊಮ್ಮೆ ಪಟ್ಟಿ ತಾನಾಗಿಯೇ ಬಿಗಿದು ಸಡಿಲವಾಗುತ್ತಿತ್ತು.

ಈ ಕೆಲಸಕ್ಕೆಲ್ಲ ಲತಾಮಣಿ ಎಂಬ ಸಿಸ್ಟರ್ ಇದ್ದಳು. ಮೂವತ್ತರ ಆಸುಪಾಸು, ಬಾಣಾವರದಿಂದ ದಿನಾ ರೈಲಿನಲ್ಲಿ ಬಂದು ಹೋಗುವವಳು. ಒಪ್ಪಿಗೆ ಪತ್ರ ಮುಂದಿಟ್ಟಾಗ ಷಡಕ್ಷರಪ್ಪ ಜೇಬಿನಿಂದ ಪೆನ್ನು ತೆಗೆದ.

"ನೀವಲ್ಲ ಸಾರ್. ಅವರು ಹಾಕಬೇಕು."

"ನಾನ್ ಹಾಕಿದ್ರೂ ಅವಳ್ ಹಾಕಿದ್ರೂ ಒಂದೇ ಅಲ್ವೇನಮ್ಮ?"

"ಮಾತ್ರೆ ನೀವು ನುಂಗ್ತೀರಾ?"

ಸಿದ್ದಗಂಗಮ್ಮ ನಕ್ಕಳು. ನಾಲ್ಕು ಪುಟವನ್ನೂ ಬೆರಳಿಟ್ಟು ಓದಿದಳು. ಆಮೇಲೆ ಕೇಳಿದಳು: "ರಾತ್ರಿ ನಾನು ಮಲಗಿದ್ದಾಗ ಈ ಮಾತ್ರೆ ಒಳಗಡೆ ಏನ್ ಮಾಡ್ತಿರ್ತದವ್ವ?"

"ಅದನ್ನ ನೋಡೋಕೇ ಈ ಡಬ್ಬಿ."

"ಹಂಗಾದ್ರೆ ಆಯ್ತು" ಎಂದು ಸಹಿ ಹಾಕಿದಳು. ಅವಳನ್ನು ಒಪ್ಪಿಸಿದ್ದು ಮಾತ್ರೆಯಲ್ಲ, ಡಬ್ಬಿ.

ಆರು ವಾರ ಕಳೆದು ಜನವರಿಯ ಒಂದು ಬುಧವಾರ ಡಬ್ಬಿ ಅವಳ ಸೊಂಟಕ್ಕೆ ಬಂತು. ಪಟ್ಟಿ ಬಿಗಿಯುವಾಗ ಎಡಗೈಯನ್ನು ಇಳಿಬಿಟ್ಟು ಅಲ್ಲಾಡಿಸದೆ ಇರಬೇಕು. ಅಂಕಿ ಅವಳಿಗೆ ಕಾಣಿಸುವುದಿಲ್ಲ. ಕಂಡರೆ ಮನಸ್ಸು ಅದರ ಹಿಂದೆಯೇ ಹೋಗುತ್ತದೆ ಎಂದು ಮುಚ್ಚಿರುತ್ತಾರೆ. ಜೊತೆಗೊಂದು ಹಾಳೆ. ಪ್ರತಿ ಸಲ ಪಟ್ಟಿ ಬಿಗಿದಾಗ ಹೊತ್ತು ಬರೆದು ಪಕ್ಕದಲ್ಲಿ ಏನು ಮಾಡುತ್ತಿದ್ದೆ ಎಂದು ಬರೆಯಬೇಕು. ಕೆಲಸದಲ್ಲಿದ್ದರೆ ಯಾವ ಕೆಲಸವೆಂದು. ಕೆಲಸವಿಲ್ಲದಿದ್ದರೆ 'ಸುಮ್ಮನೆ ಇದ್ದೆ' ಎಂದು. ಮಲಗಿದ್ದರೆ 'ನಿದ್ದೆ' ಎಂದು. ಕಂಪನಿಯಿಂದ ಬಂದ ಇಂಗ್ಲಿಷ್ ಹಾಳೆಯನ್ನು ಕನ್ನಡಕ್ಕೆ ಮಾಡಿದ್ದವಳು ಲತಾಮಣಿಯೇ. ವಿಶ್ರಾಂತಿ ಎಂದು ಬರೆದರೆ ಹಳ್ಳಿಯವರಿಗೆ ಕಾಯಿಲೆಯ ಹಾಗೆ ಕೇಳುತ್ತದೆ ಎಂದು ಯೋಚಿಸಿ 'ಸುಮ್ಮನೆ ಇದ್ದೆ' ಎಂದು ಹಾಕಿದ್ದಳು.

ಸಿದ್ದಗಂಗಮ್ಮ ಹಾಳೆಯನ್ನು ಅಡುಗೆಮನೆಯ ಮೊಳೆಗೆ ಸಿಗಿಸಿ, ಪೆನ್ಸಿಲನ್ನು ದಾರದಲ್ಲಿ ಕಟ್ಟಿದಳು. ಡಬ್ಬಿ ಮೊದಲ ಸಲ ಗುರ್ರೆಂದಾಗ ಅತ್ತೆ ಪಡಸಾಲೆಯಿಂದ ಕತ್ತು ಚಾಚಿದರು.

"ಇದೇನೇ, ಸೆರಗಲ್ಲಿ ಕಪ್ಪೆ ಇಟ್ಕೊಂಡಂಗೈತೆ!"

"ಕಪ್ಪೆಯಲ್ಲ ಅತ್ತೆಮ್ಮ, ನನ್ನ ರಕ್ತ ಅಳೀತೈತೆ."

"ಅಳದು ಯಾರಿಗ್ ಕೊಡ್ತದೆ?"

ಹಾಳೆಯನ್ನು ಅವಳು ಬಲು ಪ್ರಾಮಾಣಿಕವಾಗಿ ತುಂಬಿದಳು. ಪ್ರತಿ ಸಲವೂ ಪೆನ್ಸಿಲ್ ಹಿಡಿದು ಯೋಚಿಸಿದಳು: ಇದು ಕೆಲಸವೇ? ಕೆಲಸ ಅಂದರೆ ಷಡಕ್ಷರಪ್ಪ ಅರಸೀಕೆರೆಗೆ ಹೋಗುವುದು, ಹುಚ್ಚಣ್ಣ ತೆಂಗಿನ ಪಾತಿ ಬಿಡಿಸುವುದು. ಎರಡು ವರ್ಷದ ಹಿಂದೆ ಜನಗಣತಿಗೆ ಬಂದ ಮೇಷ್ಟ್ರು "ನಿಮ್ಮನೆಯವರು ಏನ್ ಕೆಲಸ ಮಾಡ್ತಾರೆ?" ಎಂದು ಕೇಳಿದ್ದಕ್ಕೆ ಷಡಕ್ಷರಪ್ಪ "ಏನಿಲ್ಲ, ಸುಮ್ನೆ ಮನೇಲವಳೆ" ಎಂದಿದ್ದ. ಒಳಗಿನಿಂದ ಕಾಫಿ ತಂದುಕೊಟ್ಟ ಅವಳೂ ಹೌದೆಂದು ತಲೆಯಾಡಿಸಿದ್ದಳು. ಹಾಳೆಯನ್ನು ಡಾಕ್ಟರು ಓದುತ್ತಾರೆ. ಸಗಣಿ ಬಾಚುವುದನ್ನೂ ನೀರು ತರುವುದನ್ನೂ ಕೆಲಸವೆಂದು ಬರೆದು ದೊಡ್ಡದು ಮಾಡುವುದು ಅವಳಿಗೆ ಸರಿಕಾಣಲಿಲ್ಲ. ಹಾಗಾಗಿ ಬೆಳಿಗ್ಗೆ, ಪಟ್ಟಿ ನೆನೆಯಬಾರದೆಂದು ಸ್ನಾನವಿಲ್ಲದೆ, ಕೈಕಾಲು ತೊಳೆದು ಎಡಗೈ ಮೇಲೆ ಲಿಂಗವಿಟ್ಟು ಪೂಜೆಗೆ ಕೂತಾಗ 'ಕೆಲಸ: ಪೂಜೆ' ಎಂದು ಬರೆದಳು. ಹನ್ನೊಂದು ಗಂಟೆಗೆ ಸ್ತ್ರೀಶಕ್ತಿ ಸಂಘದ ಜಮಖಾನದ ಮೇಲೆ ಕೂತಿದ್ದಾಗ 'ಕೆಲಸ: ಮೀಟಿಂಗು' ಎಂದು ಬರೆದಳು. ಉಳಿದ ಹಗಲೆಲ್ಲ, ಮೇಲಿನಿಂದ ಕೆಳಗಿನವರೆಗೆ, ಒಂದೇ ಸಮ ದುಂಡಗಿನ ಅಕ್ಷರದಲ್ಲಿ 'ಸುಮ್ನೆ ಇದ್ದೆ', 'ಸುಮ್ನೆ ಇದ್ದೆ', 'ಸುಮ್ನೆ ಇದ್ದೆ'.

ಗುರುವಾರ ಡಬ್ಬಿ ವಾಪಸು ಕೊಟ್ಟಳು. ಅದನ್ನು ಕಂಪ್ಯೂಟರಿಗೆ ಸಿಗಿಸಿ ತೆಗೆದ ಕಾಗದವನ್ನೂ ಅವಳ ಹಾಳೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನಂಜುಂಡಯ್ಯನವರು ಹುಬ್ಬು ಗಂಟಿಕ್ಕಿದರು.

"ಏನಮ್ಮ, ಸುಮ್ಮನೆ ಇದ್ದಾಗಲೇ ನೂರ ಅರವತ್ತೆಂಟು! ಕೆಲಸ ಮಾಡುವಾಗ ನೂರ ಇಪ್ಪತ್ತಾರು. ನಿಮ್ಮದು ಎಲ್ಲಾ ಉಲ್ಟಾ."

ಪರೀಕ್ಷೆಗೆ ಒಂದು ನಿಯಮವಿತ್ತು. ಹಗಲು ಸುಮ್ಮನೆ ಇದ್ದಾಗಿನ ಸರಾಸರಿ ನೂರ ನಲವತ್ತು ದಾಟಿದರೆ ಒಂದು ಮಾತ್ರೆ ಸಾಲದೆಂದು ಲೆಕ್ಕ, ಎರಡಕ್ಕೆ ಏರಿಸಬೇಕು. ಅವಳ ಸರಾಸರಿ ನೂರ ಐವತ್ತೊಂಬತ್ತು.

"ಸೋಮವಾರದಿಂದ ಎರಡು ತಗೊಳ್ಳಿ."

ಸಿದ್ದಗಂಗಮ್ಮನ ಮುಖ ಸಣ್ಣಗಾಯಿತು. "ಡಾಕ್ಟ್ರೆ, ಒಂದಕ್ಕೇ ಬೆಳಗಿನ ಜಾವ ಎದ್ರೆ ಕಣ್ ಕತ್ತಲೆ ಬತ್ತದೆ. ಮೊನ್ನೆ ಕೊಟ್ಟಿಗೇಲಿ ಗೂಟ ಹಿಡ್ಕೊಂಡ್ ನಿಂತೆ. ಎರಡ್ ನುಂಗಿದ್ರೆ?"

"ನುಂಗದೆ ಇದ್ರೆ ನಿಮ್ಮ ತಾಯಿಗಾದ ಹಾಗೆ ಆಗಬಹುದು. ಅದು ಬೇಕಾ?"

ಎರಡರಲ್ಲೂ ಬೀಳುವುದೇ ಇತ್ತು; ಒಂದರಲ್ಲಿ ಕೊಟ್ಟಿಗೆಯಲ್ಲಿ, ಇನ್ನೊಂದರಲ್ಲಿ ಹಾಸಿಗೆಯಲ್ಲಿ. ಎರಡನೇ ಮಾತ್ರೆಯ ಪೊಟ್ಟಣವನ್ನು ಸೊಂಟಕ್ಕೆ ಸಿಗಿಸಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

ಶನಿವಾರ ಕಾಗದಗಳನ್ನು ಫೈಲಿಗೆ ಹಾಕುವಾಗ ಲತಾಮಣಿಯ ಕಣ್ಣು ಒಂದು ಕಡೆ ನಿಂತಿತು. ಅಳೆಯುವ ಹೊತ್ತಿನಲ್ಲಿ ಕೈ ಅಲ್ಲಾಡಿದರೆ ಯಂತ್ರ ಅಂಕಿ ಹಾಕುವ ಬದಲು ಚುಕ್ಕಿ ಹಾಕಿ, ಎರಡು ನಿಮಿಷ ಬಿಟ್ಟು ಮತ್ತೆ ಅಳೆಯುತ್ತದೆ. ಸಿದ್ದಗಂಗಮ್ಮನ ಕಾಗದದಲ್ಲಿ ಒಂಬತ್ತು ಚುಕ್ಕಿ. ಒಂಬತ್ತೂ 'ಸುಮ್ನೆ ಇದ್ದೆ' ಎನ್ನುವ ಹೊತ್ತಿನವು. ಮೀಟಿಂಗಿನಲ್ಲಿ ಒಂದೂ ಇಲ್ಲ. ಪಕ್ಕದಲ್ಲಿ ನಾಡಿಯ ಅಂಕಿ: ಬೆಳಿಗ್ಗೆ ನಾಲ್ಕು ಐವತ್ತಕ್ಕೆ, ಸುಮ್ನೆ ಇದ್ದೆ, ನೂರ ಹನ್ನೆರಡು.

ಸುಮ್ಮನೆ ಇರುವವಳ ಕೈ ಯಾಕೆ ಅಲ್ಲಾಡುತ್ತದೆ? ಬೆಳಗಿನ ಜಾವ ಸುಮ್ಮನೆ ಇರುವವಳ ಎದೆ ಯಾಕೆ ಹೀಗೆ ಓಡುತ್ತದೆ?

ಲತಾಮಣಿಗೆ ತನ್ನ ಅವ್ವ ಮುನಿಯಮ್ಮ ನೆನಪಾದಳು. ಊರಿನಿಂದ ಯಾರಾದರೂ ಬಂದು "ಏನ್ ಮಾಡ್ತಿದ್ದೆ ಮುನಿಯಮ್ಮ?" ಎಂದರೆ ಕೈಯಲ್ಲಿದ್ದ ಸೋಪಿನ ನೊರೆಯನ್ನು ಸೀರೆಗೆ ಒರೆಸಿಕೊಳ್ಳುತ್ತಾ "ಏನಿಲ್ಲ, ಸುಮ್ನಿದ್ದೆ ಬನ್ನಿ" ಎನ್ನುತ್ತಿದ್ದಳು. ಲತಾಮಣಿ ಕುರ್ಚಿಯಿಂದ ಎದ್ದು ಡಾಕ್ಟರ ಕೋಣೆಗೆ ಹೋದಳು.

"ಸಾರ್, ಕಣಕಟ್ಟೆ ಸಿದ್ದಗಂಗಮ್ಮನ ಹಾಳೆ ತಪ್ಪಿರಬೇಕು ಅನ್ಸುತ್ತೆ."

"ತಪ್ಪು ಬರೆದಿದ್ದಾರಾ?"

"ಸರಿಯಾಗೇ ಬರೆದಿದ್ದಾರೆ. ನಾನು ಕೇಳಿದ್ದು ತಪ್ಪು."

ನಂಜುಂಡಯ್ಯನವರಿಗೆ ಅರ್ಥವಾಗಲಿಲ್ಲ. ಆದರೆ ಹಾಳೆ ತಪ್ಪಿದ್ದರೆ ವಾರದೊಳಗೆ ಇನ್ನೊಂದು ಸಲ ಅಳೆಯಬಹುದೆಂದು ನಿಯಮವೇ ಹೇಳುತ್ತಿತ್ತು. "ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲಿರಬೇಕು. ಸುಮ್ಮನೆ ಇದ್ದಾಗಿನ ಅಂಕಿ ಒಂದರ ಹಿಂದೆ ಒಂದು ಮೂರಾದರೂ ಬೇಕು. ಇಲ್ಲ ಅಂದ್ರೆ ಎರಡು ಮಾತ್ರೆಯೇ."

ಭಾನುವಾರ ಬೆಳಿಗ್ಗೆ ಏಳೂವರೆಗೆ ಲತಾಮಣಿ ಡಬ್ಬಿಯ ಚೀಲ ಹಿಡಿದು ಕಣಕಟ್ಟೆಯಲ್ಲಿ ಬಸ್ಸಿಳಿದಳು. ಸಿದ್ದಗಂಗಮ್ಮ ಬಾಗಿಲಲ್ಲೇ ಬೆಚ್ಚಿದಳು. "ಏನವ್ವ, ಏನಾರ ಕೆಟ್ಟ ಸುದ್ದಿಯಾ?"

"ಇಲ್ಲಮ್ಮ. ಇವತ್ತು ಹಾಳೆ ನಾನು ಬರೀತೀನಿ. ನೀವು ದಿನಾ ಹೇಗಿರ್ತೀರೋ ಹಾಗೇ ಇರಿ."

ಅತ್ತೆ ಮಂಚದ ಮೇಲಿಂದ ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾವೂರಾಯ್ತಮ್ಮ?"

"ಬಾಣಾವರ, ಅಜ್ಜಿ."

"ಬಾಣಾವರದಲ್ಲಿ ಯಾರ ಪೈಕಿ?"

ಈ ಪ್ರಶ್ನೆ ಲತಾಮಣಿಗೆ ಹೊಸದಲ್ಲ. "ಆಸ್ಪತ್ರೆ ಪೈಕಿ" ಎಂದು ಪಟ್ಟಿ ಕಟ್ಟತೊಡಗಿದಳು. ಅಜ್ಜಿಗೆ ಉತ್ತರ ಸಿಕ್ಕಿತು; ಮುಂದೆ ಕೇಳಲಿಲ್ಲ. ಆದರೆ ಸಿದ್ದಗಂಗಮ್ಮ ಅಡುಗೆಮನೆಗೆ ಹೋದಾಗ ಲತಾಮಣಿ ಹೊಸಿಲಾಚೆಯೇ ಹಾಳೆ ಹಿಡಿದು ನಿಂತಳು. ಸಿದ್ದಗಂಗಮ್ಮ ಅತ್ತೆಯ ಕಡೆ ಒಮ್ಮೆ ನೋಡಿದಳು.

"ಒಳಗ್ ಬಾವ್ವ. ಅಲ್ಲಿಂದ ಈ ಹೊಗೇಲಿ ಏನ್ ಕಾಣ್ತದೆ?"

ಅತ್ತೆ ಗೋಡೆಯ ಕಡೆ ತಿರುಗಿ ಕೂತರು. ಲತಾಮಣಿ ಒಳಗೆ ಹೋದಳು.

ಡಬ್ಬಿ ಗುರ್ರೆಂದಿತು. ಸಿದ್ದಗಂಗಮ್ಮ ನಿಂತಳು. ಪಟ್ಟಿ ಸಡಿಲವಾಯಿತು.

"ಈಗೇನು ಮಾಡ್ತಿದ್ರಿ?"

"ಏನಿಲ್ಲ, ಸುಮ್ನೆ."

"ಸೊಂಟದ ಮೇಲೆ ಬಿಂದಿಗೆ ಇದೆಯಲ್ಲ!"

ಸಿದ್ದಗಂಗಮ್ಮ ಬಗ್ಗಿ ನೋಡಿಕೊಂಡಳು, ಬಿಂದಿಗೆಯನ್ನು ಈಗ ತಾನೇ ಯಾರೋ ಇಟ್ಟುಹೋದ ಹಾಗೆ. "ಇದಾ? ಇದು ನೀರು."

ಲತಾಮಣಿ ಬರೆದಳು: ಏಳು ಐವತ್ತು, ಬೀದಿ ನಲ್ಲಿಯಿಂದ ನೀರು, ಆರನೇ ಬಿಂದಿಗೆ. ಎಂಟು ಹತ್ತು, ರಾಗಿ ಹಿಟ್ಟು ಜರಡಿ ಹಿಡಿಯುವುದು. ಎಂಟೂವರೆ, ಅತ್ತೆಯನ್ನು ಬಚ್ಚಲಿಗೆ ಕರೆದೊಯ್ಯುವುದು. ವಾಪಸು ಬರುವಾಗ, ಎಂಟು ಐವತ್ತಕ್ಕೆ, ಪಟ್ಟಿ ಬಿಗಿದಾಗ ಅಜ್ಜಿಯ ಪೂರ್ತಿ ಭಾರ ಸೊಸೆಯ ಎಡತೋಳಿನ ಮೇಲಿತ್ತು. ಅದನ್ನು ಇಳಿಬಿಡುವ ಹಾಗೇ ಇರಲಿಲ್ಲ. ಚುಕ್ಕಿ ಎಲ್ಲಿಂದ ಬರುತ್ತದೆಂದು ಲತಾಮಣಿಗೆ ತಿಳಿಯಿತು.

ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಷಡಕ್ಷರಪ್ಪನಿಗೆ ಇದೆಲ್ಲ ತಮಾಷೆಯಾಗಿ ಕಂಡಿತು. "ಏನ್ ಸಿಸ್ಟರ್, ಮನೆಗೆಲಸ ನೋಡೋದಕ್ಕೂ ನಿಮಗೆ ಸಂಬಳ ಕೊಡ್ತಾರಾ?"

"ಮಾಡೋರಿಗೇ ಇಲ್ವಲ್ಲ ಸಾರ್, ನೋಡೋರಿಗಾದ್ರೂ ಇರ್ಲಿ ಬಿಡಿ."

ಗೋಡೆಯ ಕಡೆ ತಿರುಗಿದ್ದ ಅತ್ತೆ ಕಿಸಕ್ಕನೆ ನಕ್ಕುಬಿಟ್ಟರು. ಆಮೇಲೆ ಕೆಮ್ಮಿದ ಹಾಗೆ ಮಾಡಿದರು.

ಹನ್ನೆರಡರ ಹೊತ್ತಿಗೆ ಲತಾಮಣಿಯ ಪುಟ ತುಂಬಿತು. ಮುದ್ದೆ ತೊಳಸುವಾಗ ಎರಡು ಕಾಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು ಎರಡು ಕೈಯಿಂದ ಕೋಲು ತಿರುಗಿಸುತ್ತಿದ್ದ ಸಿದ್ದಗಂಗಮ್ಮನ ಕತ್ತಿನ ನರ ನೋಡಿ ಅವಳಿಗೆ ಅಂಕಿ ನೋಡದೆಯೂ ಅಂಕಿ ಗೊತ್ತಾಯಿತು. ಆದರೆ ಅವಳಿಗೆ ಬೇಕಿದ್ದುದು ಅದಲ್ಲ. ಸುಮ್ಮನೆ ಇದ್ದಾಗಿನ ಮೂರು ಅಂಕಿ ಬೇಕಿತ್ತು. ಬೆಳಿಗ್ಗೆಯಿಂದ ಒಂದೂ ಸಿಕ್ಕಿರಲಿಲ್ಲ.

ಊಟವಾಗಿ ಪಾತ್ರೆ ತೊಳೆದು ಮೂರು ಗಂಟೆಗೆ ಸಿದ್ದಗಂಗಮ್ಮ ಕಂಬಕ್ಕೊರಗಿ ಕೂತಳು. "ನೋಡು, ಈಗ ಕೂತೆ. ಇದು ನಿಂಗೆ ಆಗ್ತದಾ?" ಎಂದು ಅವರೆಕಾಯಿಯ ಮೊರವನ್ನು ಮುಂದೆಳೆದುಕೊಂಡಳು.

"ಅದನ್ನ ಬಿಡಿ."

"ಅವರೆಕಾಯಿ ಬಿಡಿಸೋದೂ ಕೆಲ್ಸಾನಾ? ಕೂತ್ಕಂಡೇ ಅಲ್ವಾ?"

"ಬೆರಳು ಓಡ್ತಿವೆಯಲ್ಲ. ಅದನ್ನ ಆ ಕಡೆ ಇಡಿ. ಒಂದು ಗಂಟೆ ಏನೂ ಮಾಡಬಾರದು, ಏಳಬಾರದು, ಮಾತೂ ಆಡಬಾರದು. ಮೂರು ಸಲ ಬಿಗಿಯೋವರೆಗೂ. ಅದು ಸರಿಯಾಗಿ ಬಂದ್ರೆ ಎರಡನೇ ಮಾತ್ರೆ ತಪ್ಪುತ್ತೆ."

"ಒಂದ್ ಗಂಟೆ!" ಎಂದು ಅವಳು ಗಾಬರಿಯಿಂದ ಗಡಿಯಾರ ನೋಡಿದಳು. "ಮೂರೂವರೆಗೆ ಹಸುಗೆ ಬೂಸ ನೆನೆಸ್ಬೇಕು. ನಾಲ್ಕಕ್ಕೆ ಅತ್ತೆಮ್ಮನ ಕಾಫಿ."

ಲತಾಮಣಿ ಷಡಕ್ಷರಪ್ಪನ ಕಡೆ ತಿರುಗಿದಳು. "ಸಾರ್, ಒಂದು ಗಂಟೆ ನೀವು ನೋಡ್ಕೋಬೇಕು."

"ನಾನಾ? ಏನ್ ನೋಡೋದು?"

"ಅವರು ಏನು ನೋಡ್ತಾರೋ ಅದನ್ನ."

ಅವನು ಅತ್ತ ಇತ್ತ ನೋಡಿದ. ಹೆಂಡತಿಯ ಮುಖದಲ್ಲಿ ಗುರುವಾರದಿಂದ ಕೂತಿದ್ದ ಭಯವನ್ನು ಅವನೂ ಕಂಡಿದ್ದ. ಅವಳ ತಾಯಿ ಮಲಗಿದ್ದ ಆ ಆರು ವರ್ಷವನ್ನೂ ಕಂಡಿದ್ದ. ಪೇಪರ್ ಮಡಚಿಟ್ಟು ಎದ್ದ. ಎರಡು ನಿಮಿಷಕ್ಕೆ ಕೊಟ್ಟಿಗೆಯಿಂದ ಕೂಗು ಬಂತು: "ಲೇ, ಬೂಸದ ಚೀಲ ಯಾವುದು? ಎಷ್ಟ್ ಹಾಕೋದು?"

ಸಿದ್ದಗಂಗಮ್ಮನ ಬಾಯಿ ತೆರೆಯಿತು. ಲತಾಮಣಿ ಬೆರಳೆತ್ತಿದಳು. ಬಾಯಿ ಮುಚ್ಚಿತು. ಉತ್ತರ ಕೊಟ್ಟಿದ್ದು ಅತ್ತೆ: "ನೀಲಿ ಚೀಲ ಕಣೋ! ಎರಡು ಸೇರು! ಅದನ್ನೂ ಕೇಳ್ತಾನಲ್ಲ, ಹುಟ್ಟಿದಾಗ್ಲಿಂದ ಹಾಲ್ ಕುಡಿದವನೆ."

ಮೊದಲ ಸಲ ಪಟ್ಟಿ ಬಿಗಿದಾಗ ಅವಳು ಕೂತಿದ್ದಳೇ ಹೊರತು ಮನಸ್ಸು ಮನೆಯೆಲ್ಲ ಓಡಾಡುತ್ತಿತ್ತು. ಬೂಸಕ್ಕೆ ಉಪ್ಪು ಹಾಕಿದರೋ ಇಲ್ಲವೋ. ಒಲೆ ಮೇಲಿನ ನೀರು. ಒಣಗಲು ಹಾಕಿದ ಸೀರೆ. ಬೆರಳುಗಳು ಸೆರಗಿನ ಅಂಚನ್ನು ಹಿಡಿದು ಮಡಚತೊಡಗಿದವು. ಅವಳೇ ಅದನ್ನು ನೋಡಿ, ಬೆಂಕಿ ಮುಟ್ಟಿದ ಹಾಗೆ ಕೈ ತೆಗೆದು ಎರಡು ಅಂಗೈಯನ್ನೂ ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟಳು.

ಎರಡನೆಯ ಸಲದ ಹೊತ್ತಿಗೆ ಕಾಲು ಜೋಮು ಹಿಡಿದಿತ್ತು. ಕಣ್ಣು ಮೇಲೆ ಹೋಯಿತು. ಅಟ್ಟದ ತೊಲೆಗಳನ್ನು ಎಣಿಸಿದಳು, ಹದಿನಾಲ್ಕು. ಇಷ್ಟು ವರ್ಷ ಕೊಬ್ಬರಿ ಹರವಲು ಆ ಅಟ್ಟ ಹತ್ತಿ ಇಳಿದಿದ್ದಳು, ತೊಲೆ ಎಷ್ಟಿವೆ ಎಂದು ಗೊತ್ತಿರಲಿಲ್ಲ. ಐದನೆಯದು ಉಳಿದವುಗಳಂತಿರಲಿಲ್ಲ, ಬೇರೆ ಮರದ್ದು. ಯಾಕೆ? ಯಾವಾಗ ಬದಲಾಯಿಸಿದರು? ಅಲ್ಲಿಂದ ಮನಸ್ಸು ಮಾತ್ರೆಗೆ ಹೋಯಿತು. ಬೆಳಿಗ್ಗೆ ನುಂಗಿದ ಮಾತ್ರೆಗೆ ಈಗ ಸಂಜೆಯಾಯಿತೆಂದು ಹೇಗೆ ಗೊತ್ತಾಗುತ್ತದೆ? ತೋಳಿನ ಬಿ.ಪಿ.ಯೂ ತಲೆಯ ಬಿ.ಪಿ.ಯೂ ಒಂದೇನಾ? ಹಸುವಿಗೆ ಬಿ.ಪಿ. ಬರುತ್ತದೆಯೇ? ಕೇಳುವ ಹಾಗಿರಲಿಲ್ಲ. ಒಂದೊಂದನ್ನೇ ಬೆರಳು ಮಡಚಿ ನೆನಪಿಟ್ಟುಕೊಳ್ಳೋಣವೆಂದರೆ ಬೆರಳೂ ಮಡಚುವ ಹಾಗಿರಲಿಲ್ಲ.

ಅಡುಗೆಮನೆಯಲ್ಲಿ ಏನೋ ಬಿತ್ತು. ಅತ್ತೆ ಮಂಚದಿಂದ ಇಳಿದು, ಗೋಡೆ ಹಿಡಿದುಕೊಂಡು, ತಾವೇ ಒಳಗೆ ಹೋದರು. ಸಿದ್ದಗಂಗಮ್ಮ ಕಣ್ಣರಳಿಸಿ ನೋಡಿದಳು. ಬಚ್ಚಲಿಗೆ ಅವರನ್ನು ದಿನಕ್ಕೆ ನಾಲ್ಕು ಸಲ ತೋಳು ಕೊಟ್ಟು ಕರೆದೊಯ್ಯುತ್ತಿದ್ದವಳು ಅವಳು. ಲತಾಮಣಿಯೂ ನೋಡಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ತುಟಿ ಬಿಗಿದರು. ನಕ್ಕರೆ ಅಂಕಿ ಏರುತ್ತದೆ.

ಮೂರನೆಯ ಸಲ ಪಟ್ಟಿ ಬಿಗಿಯುವಾಗ ಅವಳು ಯಾವುದನ್ನೂ ಎಣಿಸುತ್ತಿರಲಿಲ್ಲ.

ಪಟ್ಟಿ ಸಡಿಲವಾದ ಕೂಡಲೇ ಪ್ರಶ್ನೆಗಳು ಒಂದರ ಮೇಲೊಂದು ಬಂದವು. ಲತಾಮಣಿ ಐದೂ ಕಾಲರ ಬಸ್ಸಿನವರೆಗೆ ಉತ್ತರ ಹೇಳಿದಳು. ಹಸುವಿನದು ಮಾತ್ರ ತನಗೆ ಗೊತ್ತಿಲ್ಲವೆಂದಳು. ಹೊರಡುವಾಗ ಹಾಳೆಯನ್ನು ಸಿದ್ದಗಂಗಮ್ಮನ ಕೈಗಿತ್ತಳು. "ರಾತ್ರಿದೂ ಬೆಳಗಿನದೂ ನೀವು ಬರೀರಿ. ಕೈಯಲ್ಲಿ ಏನಿದ್ರೆ ಅದನ್ನೇ ಬರೀರಿ. ದೊಡ್ಡದೋ ಚಿಕ್ಕದೋ ಅಂತ ನೋಡಬೇಡಿ."

ಸೋಮವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ನರ್ಸಿಂಗ್ ಹೋಮಿಗೆ ಬಂದರು. ಎರಡನೇ ಮಾತ್ರೆಯನ್ನು ಅವಳು ಇನ್ನೂ ನುಂಗಿರಲಿಲ್ಲ. ಪೊಟ್ಟಣ ಕೈಯಲ್ಲೇ ಇತ್ತು. ಷಡಕ್ಷರಪ್ಪ ಹೊರಗಿನ ಬೆಂಚಿನಲ್ಲಿ ಕೂತ. ಒಳಗೆ ಲತಾಮಣಿ ಡಬ್ಬಿಯನ್ನು ಕಂಪ್ಯೂಟರಿಗೆ ಸಿಗಿಸಿದಳು. ಕಾಗದ ಗಿರಗಿರನೆ ಹೊರಬಂತು. ಅದರಲ್ಲಿ ಉದ್ದಕ್ಕೂ ಒಂದು ಗೆರೆ ಏರುತ್ತಾ ಇಳಿಯುತ್ತಾ ಹೋಗಿತ್ತು.

"ನಾನೂ ನೋಡ್ಬೋದಾ?" ಎಂದು ಸಿದ್ದಗಂಗಮ್ಮ ಮೇಜಿನ ಮೇಲೆ ಬಗ್ಗಿದಳು.

ನಂಜುಂಡಯ್ಯನವರು ಅವಳ ಕಡೆ ಕಾಗದವನ್ನು ತಿರುಗಿಸಿದರು. ಅವಳು ಹಾಳೆಯ ಹೊತ್ತನ್ನೂ ಗೆರೆಯನ್ನೂ ಬೆರಳಿಂದ ಕೂಡಿಸುತ್ತಾ ಹೋದಳು. "ಇದು ನೀರು. ಇದು ಅತ್ತೆಮ್ಮನ್ನ ಬಚ್ಚಲಿಗೆ ಕರ್ಕೊಂಡೋಗಿದ್ದು. ಇಲ್ನೋಡಿ ಡಾಕ್ಟ್ರೆ, ಎಷ್ಟ್ ಎತ್ತರ, ಇದು ಮುದ್ದೆ ತೊಳಸಿದ್ದು. ಇದು ಹುಚ್ಚಣ್ಣಂಗೆ ಬಡಿಸಿದ್ದು. ಇದು ಇವತ್ತು ಬೆಳಗಿನ ಜಾವ ಸಗಣಿ." ಬೆರಳು ಒಂದು ಕಡೆ ನಿಂತಿತು. ಗೆರೆ ಅಲ್ಲಿ ಮೆಟ್ಟಿಲಿಳಿದ ಹಾಗೆ ಇಳಿದಿತ್ತು: ನೂರ ನಲವತ್ತೆರಡು, ನೂರ ಮೂವತ್ತು, ನೂರ ಇಪ್ಪತ್ತೆರಡು. "ಇದ್ಯಾವುದು?"

"ಅದು ನೀವು ಕಂಬಕ್ಕೊರಗಿ ಕೂತಿದ್ದು" ಎಂದಳು ಲತಾಮಣಿ.

"ಇದು ನಾನಾ?" ಎಂದು ಅವಳು ಇನ್ನಷ್ಟು ಬಗ್ಗಿ ನೋಡಿದಳು.

ಡಾಕ್ಟರು ಮೂರನ್ನೂ ಕೂಡಿ ಭಾಗಿಸಿದರು. ನೂರ ಮೂವತ್ತೊಂದೂ ಚಿಲ್ಲರೆ. ಮಾತ್ರೆ ಹಿಡಿಯುತ್ತಿತ್ತು. ಅವಳು ಮೇಜಿನ ಮೇಲಿಟ್ಟಿದ್ದ ಪೊಟ್ಟಣವನ್ನು ತಮ್ಮ ಕಡೆ ಎಳೆದುಕೊಂಡು, "ಒಂದೇ ಸಾಕು" ಎಂದರು. ಆಮೇಲೆ ಲತಾಮಣಿಯ ಕಡೆ ತಿರುಗಿ ಕೇಳಿದರು: "ನಮ್ಮ ನಲವತ್ತು ಜನರಲ್ಲಿ ಹೆಂಗಸರು ಎಷ್ಟು?"

"ಹದಿನೇಳು ಸಾರ್. ಎಲ್ಲರ ಹಾಳೇನೂ ತೆಗೆದಿಟ್ಟಿದೀನಿ. ಇದೇ ಥರ ಇವೆ. ಐದು ಜನಕ್ಕೆ ಈಗಾಗಲೇ ಎರಡು ಮಾತ್ರೆ ಮಾಡಿದ್ದೇವೆ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಅವರನ್ನೆಲ್ಲ ಇವತ್ತೇ ಕರೆಸು. ಕಂಪನಿಗೆ ನಾನು ಬರೀತೀನಿ."

ಸಿದ್ದಗಂಗಮ್ಮ ಇನ್ನೂ ಕಾಗದದ ಮೇಲೆಯೇ ಬಗ್ಗಿದ್ದಳು. "ಡಾಕ್ಟ್ರೆ, ದಿನಾ ಹಿಂಗೆ ಒಂದ್ ಗಂಟೆ ಕೂತ್ರೆ ಈ ಗೆರೆ ದಿನಾ ಇಷ್ಟು ಇಳೀತದಾ?"

"ಕೂತು ನೋಡಬೇಕು. ಒಳ್ಳೇದಂತೂ ಹೌದು."

"ಹಂಗಾದ್ರೆ ಚೀಟಿ ಮೇಲೆ ಬರ್ಕೊಡಿ."

"ಕೂತ್ಕೊಳ್ಳೋದಕ್ಕೆ ಚೀಟಿ ಯಾಕಮ್ಮ? ಬಾಯಲ್ಲಿ ಹೇಳಿದ್ನಲ್ಲ."

"ನೀವ್ ಬಾಯಲ್ಲಿ ಹೇಳಿದ್ದು ನಂಗಷ್ಟೇ ಕೇಳಿಸ್ತು. ಬರ್ದಿದ್ರೆ ಮನೇಲೆಲ್ಲರಿಗೂ ಕೇಳಿಸ್ತದೆ. ಕನ್ನಡದಲ್ಲಿ ಬರೀರಿ. ಕೆಳಗೆ ಸೀಲ್ ಹಾಕಿ."

ನಂಜುಂಡಯ್ಯನವರು ಇಪ್ಪತ್ತೈದು ವರ್ಷದ ವೈದ್ಯವೃತ್ತಿಯಲ್ಲಿ ಅಂಥ ಚೀಟಿ ಬರೆದಿರಲಿಲ್ಲ. ಪೆನ್ನು ಹಿಡಿದು ಒಂದು ಗಳಿಗೆ ತಡೆದರು. ಆಮೇಲೆ ಬರೆದರು: ಪ್ರತಿದಿನ ಮಧ್ಯಾಹ್ನ ಮೂರರಿಂದ ನಾಲ್ಕು, ಒಂದು ಗಂಟೆ, ಕೈಯಲ್ಲಿ ಏನನ್ನೂ ಹಿಡಿಯದೆ ಕೂರುವುದು. ಸೀಲು ಒತ್ತಿದರು.

ಷಡಕ್ಷರಪ್ಪ ಬೆಂಚಿನಿಂದೆದ್ದು ಅಭ್ಯಾಸದಂತೆ ಚೀಟಿಗೆ ಕೈಚಾಚಿದ, ಔಷಧಿ ಅಂಗಡಿಗೆ ಹೋಗುವವನು ಅವನೇ ಆದ್ದರಿಂದ. ಓದಿದ. ಹಿಂದೆ ತಿರುಗಿಸಿ ನೋಡಿದ. ಮತ್ತೆ ಓದಿದ.

"ಇದು ಎಷ್ಟು ದಿನಕ್ಕೆ?"

"ಅದನ್ನ ಬರ್ದಿಲ್ಲ" ಎಂದಳು ಸಿದ್ದಗಂಗಮ್ಮ, ಚೀಟಿಯನ್ನು ವಾಪಸು ತೆಗೆದುಕೊಳ್ಳುತ್ತಾ.